ಒನಕೆ ಎದ್ದ ಹೊತ್ತು

ಮಳೆ ನಿಂತ ಮೇಲೂ ಸೂರಿನಿಂದ ಹನಿ ಬೀಳುತ್ತಲೇ ಇದ್ದ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಹದಿನೈದು ವರ್ಷದ ಹಿಂದೆ ನೋಡಿ ಎತ್ತಿಟ್ಟಿದ್ದ ಆ ರೋಮ್ ಕಛೇರಿಯನ್ನು ಮತ್ತೆ ಹಾಕಿಕೊಂಡು ಕೂತೆ. ನ್ಯೂಯಾರ್ಕಿನ ನ್ಯೂ ವೇವ್ ತಂಡ ಟಾಕಿಂಗ್ ಹೆಡ್ಸ್, 1980ರ ಡಿಸೆಂಬರ್. ಇಟಲಿಯ ಸರ್ಕಾರಿ ಟೆಲಿವಿಷನ್‌ನವರು ಚಿತ್ರೀಕರಿಸಿದ್ದು, ಆಮೇಲೆ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಯುತ್ತ, ಅಭಿಮಾನಿಗಳ ಕೈಯಿಂದ ಕೈಗೆ ದಾಟುತ್ತ ವರ್ಷಗಟ್ಟಲೆ ಬದುಕಿದ್ದು. ನನ್ನ ಪಾಲಿಗೆ ಬಂದದ್ದು ಎಷ್ಟನೆಯ ಪ್ರತಿಯ ಪ್ರತಿಯೋ, ಬಣ್ಣಗಳೆಲ್ಲ ಒಗೆದು ಒಗೆದು ಮಾಸಿದ ಹತ್ತಿ ಸೀರೆಯ ಹಾಗೆ ಅಂಚು ಬಿಟ್ಟುಕೊಂಡಿವೆ, ತೆರೆಯ ಅಡಿಯಲ್ಲಿ ಒಂದು ಬಿಳಿ ಗೆರೆ ಆಗಾಗ ನಡುಗಿ ಸುಮ್ಮನಾಗುತ್ತದೆ. ಇದಕ್ಕಿಂತ ಶುದ್ಧವಾದ ಪ್ರತಿಗಳು ಈಗ ಸಿಗುತ್ತವೆ, ಗೊತ್ತು. ಆದರೂ ನನಗೆ ಈ ಮಸುಕೇ ಬೇಕು, ಅಗರಬತ್ತಿಯ ಹೊಗೆಯಾಚೆ ಉತ್ಸವಮೂರ್ತಿಯನ್ನು ನೋಡಿದ ಹಾಗೆ, ಕಣ್ಣು ಸ್ವಲ್ಪ ಶ್ರಮಪಡಬೇಕು.

ಸಭಾಂಗಣ ರೋಮಿನ ಪಲಾಝೊ ದೆಲ್ಲೊ ಸ್ಪೋರ್ಟ್. 1960ರ ಒಲಿಂಪಿಕ್ಸ್‌ಗೆಂದು ಕಟ್ಟಿದ್ದು. ಕಾಂಕ್ರೀಟನ್ನು ಹೂವಿನ ಎಸಳಿನಂತೆ ತೆಳ್ಳಗೆ ಬಗ್ಗಿಸಬಲ್ಲ ಪಿಯೆರ್ ಲುಯಿಜಿ ನೆರ್ವಿಯ ಗುಮ್ಮಟ ಅದರ ಮೇಲಿದೆ. ನಡುವಿನಿಂದ ಹೊರಟ ಪಕ್ಕೆಲುಬುಗಳು ಸುತ್ತಲೂ ಹರಡಿ ಇಳಿಯುತ್ತವೆ. ಹದಿನೆಂಟರ ಹುಡುಗ ಕ್ಯಾಸಿಯಸ್ ಕ್ಲೇ, ಮುಂದೆ ಮುಹಮ್ಮದ್ ಅಲಿ ಆದವನು, ಬಾಕ್ಸಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇದೇ ಸೂರಿನ ಕೆಳಗೆ. ಕಟ್ಟಡಗಳಿಗೆ ನೆನಪಿರುತ್ತದೆಂದು ನಾನು ನಂಬುವವನಲ್ಲ, ಆದರೂ ಈ ಹಾಡುಗಾರರ ಕಾಲುಗಳು ನೆಲದ ಮೇಲೆ ನಿಲ್ಲಲಾರದೆ ಕುಣಿಯುವಾಗ ಆ ಹುಡುಗನ ಪಾದಗಳು ನೆನಪಾಗದೆ ಇರುವುದಿಲ್ಲ.

ಮೂಲದಲ್ಲಿ ಇವರು ನಾಲ್ವರು. ಹಾಡುವ, ಗಿಟಾರ್ ಹಿಡಿದ ಡೇವಿಡ್ ಬರ್ನ್, ಬೇಸ್ ನುಡಿಸುವ ಟೀನಾ ವೇಮತ್, ಡ್ರಮ್ಸ್‌ನ ಮುಂದೆ ಅವಳ ಗಂಡ ಕ್ರಿಸ್ ಫ್ರಾಂಟ್ಸ್, ಕೀಬೋರ್ಡಿಗೂ ಗಿಟಾರಿಗೂ ಒದಗುವ ಜೆರ್ರಿ ಹ್ಯಾರಿಸನ್. ಆ ವರ್ಷ ಬಹಾಮಾಸ್‌ನ ನಸಾವಿನಲ್ಲಿ ನಿರ್ಮಾಪಕ ಬ್ರಯನ್ ಈನೋ ಜೊತೆ ಕೂತು, ಪಶ್ಚಿಮ ಆಫ್ರಿಕಾದ ತಾಳಗಳನ್ನೂ ಅಲ್ಲಿನ ಸಂಗೀತಗಾರ ಫೇಲಾ ಕುಟಿಯನ್ನೂ ತಲೆಯಲ್ಲಿ ತುಂಬಿಕೊಂಡು ಮಾಡಿದ 'ರಿಮೇನ್ ಇನ್ ಲೈಟ್' ಆಲ್ಬಮ್ ಅಕ್ಟೋಬರಿನಲ್ಲಿ ಹೊರಬಂದಿತ್ತು. ಒಂದರ ಮೇಲೊಂದು ಪದರ ಹೊದಿಸಿದ ಆ ಹಾಡುಗಳು ನಾಲ್ಕು ಜನರ ಎಂಟು ಕೈಗೆ ನಿಲುಕುವಂಥವಲ್ಲ. ಹಾಗಾಗಿ ರೋಮಿನ ವೇದಿಕೆಯ ಮೇಲೆ ಒಂಬತ್ತು ಮಂದಿ. ಫಂಕೆಡೆಲಿಕ್ ತಂಡದಿಂದ ಬಂದ ಬರ್ನಿ ವೊರೆಲ್‌ನ ಕೀಬೋರ್ಡು, ಬಸ್ಟಾ ಜೋನ್ಸ್‌ನ ಎರಡನೆಯ ಬೇಸ್, ಸ್ಟೀವ್ ಸ್ಕೇಲ್ಸ್‌ನ ಕಾಂಗಾ, ಡೊಲೆಟ್ ಮ್ಯಾಕ್‌ಡೊನಾಲ್ಡ್‌ಳ ಕಂಠ, ಏಡ್ರಿಯನ್ ಬಿಲ್ಯೂನ ಗಿಟಾರು.

'ಐ ಝಿಂಬ್ರಾ' ಶುರುವಾಯಿತು. ಅದರ ಸಾಹಿತ್ಯ ಯಾವ ಭಾಷೆಯದೂ ಅಲ್ಲ. ಜರ್ಮನ್ ಕವಿ ಹ್ಯೂಗೊ ಬಾಲ್ ಬರೆದ, ಬರೀ ಸದ್ದುಗಳ ಪದ್ಯವೊಂದರಿಂದ ಹುಟ್ಟಿದ್ದು. 1916ರ ಜೂನ್‌ನಲ್ಲಿ, ಸುತ್ತ ಯುರೋಪು ಯುದ್ಧದಲ್ಲಿ ಉರಿಯುತ್ತಿದ್ದಾಗ, ಆತ ಝೂರಿಕ್ಕಿನ ಕ್ಯಾಬರೆ ವೋಲ್ಟೇರ್‌ನಲ್ಲಿ ಕಾಲಿಗೆ ನೀಲಿ ರಟ್ಟಿನ ಕೊಳವೆ, ಹೆಗಲಿಗೆ ರೆಕ್ಕೆಯಂತೆ ಬಡಿಯುವ ರಟ್ಟಿನ ನಿಲುವಂಗಿ, ತಲೆಗೆ ಪಟ್ಟೆಪಟ್ಟೆಯ ಎತ್ತರದ ಟೋಪಿ ತೊಟ್ಟುಕೊಂಡು, ನಡೆಯಲಾಗದೆ ಕತ್ತಲಲ್ಲಿ ಎತ್ತಿಸಿಕೊಂಡೇ ವೇದಿಕೆಗೆ ಬಂದು ಅಂಥ ಪದ್ಯಗಳನ್ನು ಓದಿದ. ತಮಾಷೆಯಾಗಬಹುದಿದ್ದ ಹೊತ್ತು ಅದು. ಆದರೆ ಓದುತ್ತ ಓದುತ್ತ ತನ್ನ ದನಿ ತಾನೇ ಪಾದ್ರಿಗಳ ಪುರಾತನ ಪ್ರಲಾಪದ ಏರಿಳಿತಕ್ಕೆ ಹೊರಳಿಕೊಂಡಿತೆಂದು ಆತ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ದೀಪ ಆರಿದ ಮೇಲೆ ಬೆವರಿನಲ್ಲಿ ತೊಯ್ದವನನ್ನು ಹೊತ್ತು ಇಳಿಸಿದರು.

ಮೊದಲ ಸಲ ಈ ಕಛೇರಿಯನ್ನು ನೋಡಿದಾಗ ಪಕ್ಕದಲ್ಲಿ ಅಮ್ಮ ಮಲ್ಲಿಗೆ ಕಟ್ಟುತ್ತ ಕೂತಿದ್ದಳು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒದ್ದೆ ದಾರದ ಒಂದು ಸುತ್ತು, ಬೆರಳಿನ ಒಂದು ಜಗ್ಗು.

"ಯಾವ ಭಾಷೆನೋ ಇದು?"

"ಯಾವುದೂ ಅಲ್ಲಮ್ಮ. ಅರ್ಥ ಇಲ್ಲ ಇದಕ್ಕೆ."

ಅವಳು ತೆರೆಯ ಮೇಲಿನ ಬರ್ನ್‌ನ ಅಗಲಿಸಿದ ಕಣ್ಣನ್ನೂ ಹಣೆಯನ್ನೂ ಸ್ವಲ್ಪ ಹೊತ್ತು ನೋಡಿ, "ಅರ್ಥ ಇಲ್ದಿದ್ರೆ ಮತ್ತೆ ಯಾಕೆ ಅಷ್ಟು ಬೆವರ್ತಾ ಇದಾನೆ?" ಅಂದಳು.

ಆಗ ನಕ್ಕಿದ್ದೆ. ಹ್ಯೂಗೊ ಬಾಲ್‌ನ ಬೆವರಿನ ಕಥೆ ಆಗಿನ್ನೂ ಓದಿರಲಿಲ್ಲ. ಅರ್ಥವಿಲ್ಲದ ಮಾತು ಅಮ್ಮನಿಗೇನೂ ಹೊಸದಲ್ಲ. ಸುವ್ವಿ ಎನ್ನುತ್ತ ಭತ್ತ ಕುಟ್ಟಿದ ಮನೆಯಿಂದ ಬಂದವಳು, ತಂದಾನ ತಾನ ಎಂದು ರಾತ್ರಿಯಿಡೀ ಕಥೆ ಎಳೆಯುವವರನ್ನು ಕೇಳಿ ಬೆಳೆದವಳು. ಮದ್ದಳೆಯ ಬಾಯಿಪಾಠ ಹೇಳುವಾಗ ಗುರುವಿನ ನಾಲಿಗೆಯ ಮೇಲೆ ಉರುಳುವ ತಕಿಟ ತಧಿಮಿಗೆ ನಿಘಂಟಿನಲ್ಲಿ ಜಾಗವಿಲ್ಲ, ಮೈಯಲ್ಲಿದೆ. ಮಾತು ತನ್ನ ಹೊರೆಯನ್ನು ಇಳಿಸಿ ಕೈ ಬೀಸಿಕೊಂಡು ನಡೆಯುವ ಕ್ಷಣ ಅದು, ಖಾಲಿಯಾದ ಆ ಕೈಯನ್ನು ಬೇರೆ ಯಾರೋ ಬಂದು ಹಿಡಿದುಕೊಳ್ಳುತ್ತಾರೆ ಅನ್ನಿಸುತ್ತದೆ. ಯಾರೆಂದು ಕೇಳಹೋದರೆ ಬಿಟ್ಟುಬಿಡುತ್ತಾರೆ.

ಈ ಸಲ ಕಿವಿ ಬೇರೆ ಕಡೆಗೆ ಹೋಯಿತು. ಆ ಹೊಸ ಆಲ್ಬಮ್ಮಿನ ಹಾಡುಗಳಲ್ಲಿ ಸ್ವರಮೇಳ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಒಂದೇ ನೆಲೆಯಲ್ಲಿ ನಿಂತು, ಶ್ರುತಿಪೆಟ್ಟಿಗೆ ಹಿಡಿದಂತೆ, ಅಲ್ಲಲ್ಲೇ ಸುತ್ತುತ್ತವೆ. ಆ ನೆಲೆಯ ಮೇಲೆ ಒಬ್ಬೊಬ್ಬರು ನುಡಿಸುವುದೂ ತೀರ ಸ್ವಲ್ಪ. ಟೀನಾಳ ಬೇಸ್ ಮೂರು ಮಾತು ಆಡಿ ಸುಮ್ಮನಾಗುತ್ತದೆ, ಆ ಸುಮ್ಮನೆಯೊಳಗೆ ಬಸ್ಟಾ ಜೋನ್ಸ್ ಒಂದನ್ನು ಇಟ್ಟು ಸರಿಯುತ್ತಾನೆ, ಅವನು ಸರಿದಲ್ಲಿ ಕಾಂಗಾದ ಚರ್ಮದ ಮೇಲೆ ಅಂಗೈ ಬೀಳುತ್ತದೆ, ಅಂಗೈ ಎದ್ದ ಜಾಗದಲ್ಲಿ ವೊರೆಲ್‌ನ ಬೆರಳು ತೊಟ್ಟಿಕ್ಕುತ್ತದೆ. ಬಿಡಿಸಿ ಕೇಳಿದರೆ ಒಂದೊಂದೂ ತೂತು ತೂತು. ಹಾಡು ಅವರಲ್ಲಿ ಯಾರ ಹತ್ತಿರವೂ ಇಲ್ಲ. ಇಬ್ಬರು ಹೆಂಗಸರು ಒಂದೇ ಒರಳಿಗೆ ಒನಕೆ ಹಾಕುವಾಗ ಒಬ್ಬಳದು ಎದ್ದ ಹೊತ್ತಿಗೇ ಇನ್ನೊಬ್ಬಳದು ಬೀಳಬೇಕು; ಒಬ್ಬಳು ಆಸೆಬುರುಕಿಯಾಗಿ ಎರಡು ಪೆಟ್ಟು ಹೆಚ್ಚು ಹಾಕಿದರೆ ಒನಕೆಗೆ ಒನಕೆ ತಗುಲುತ್ತದೆ. ಒಂಬತ್ತು ಒನಕೆ, ಒಂದೇ ಒರಳು, ಮೇಲೆ ನೆರ್ವಿಯ ಗುಮ್ಮಟ.

ಬಿಲ್ಯೂನದು ಮಾತ್ರ ಬೇರೆ ಲೋಕ. ಫ್ರಾಂಕ್ ಝಾಪಾ ಮತ್ತು ಡೇವಿಡ್ ಬೋವಿಯ ಜೊತೆ ನುಡಿಸಿ ಬಂದವನು. 'ದ ಗ್ರೇಟ್ ಕರ್ವ್‌'ನಲ್ಲಿ ಅವನ ಗಿಟಾರು ತಂತಿವಾದ್ಯವೆಂಬುದನ್ನೇ ಮರೆತು ಘೀಳಿಡುತ್ತದೆ, ಕಾಡಿನಂಚಿನಲ್ಲಿ ನಿಂತ ಪ್ರಾಣಿಯೊಂದು ಊರಿನ ದೀಪಗಳನ್ನು ಕಂಡು ಕೂಗಿದ ಹಾಗೆ, ಸ್ವರ ಬಾಗಿ, ಇನ್ನೂ ಬಾಗಿ, ಇನ್ನೇನು ಮುರಿಯಿತು ಅನ್ನುವಷ್ಟರಲ್ಲಿ ನೆಲೆಗೆ ಬಂದು ಕೂರುತ್ತದೆ. ಆ ಬಾಗುವಿಕೆಗೆ ನನ್ನ ಮಾಸಿದ ಪ್ರತಿಯ ಬಿಳಿ ಗೆರೆಯೂ ನಡುಗುತ್ತದೆ, ಅಥವಾ ನಡುಗಿತೆಂದು ನನಗೆ ಅನ್ನಿಸಿತು.

ಅದೇ ಡಿಸೆಂಬರ್ 8ರ ರಾತ್ರಿ ಈ ತಂಡದ ಊರಾದ ನ್ಯೂಯಾರ್ಕಿನಲ್ಲೇ ಜಾನ್ ಲೆನ್ನನ್‌ನನ್ನು ಮನೆಯ ಬಾಗಿಲಲ್ಲಿ ಗುಂಡಿಟ್ಟು ಕೊಂದಿದ್ದರು. ಇದು ಮೊದಲ ಸಲ ನೋಡಿದಾಗ ನನಗೆ ಹೊಳೆದಿರಲಿಲ್ಲ, ಹೊಳೆದ ಮೇಲೆ ಆ ಮುಖಗಳಲ್ಲಿ ದುಃಖ ಹುಡುಕಿದೆ. ಕಾಣಲಿಲ್ಲ. ಎಲ್ಲರೂ ಇನ್ನೊಬ್ಬರನ್ನು ಕೇಳಿಸಿಕೊಳ್ಳುವುದರಲ್ಲೇ ಮುಳುಗಿದ್ದಾರೆ, ಕತ್ತು ಒಂದಿಷ್ಟು ವಾಲಿ, ಬಾಯಿ ಅರ್ಧ ತೆರೆದು, ತಮ್ಮ ಸರದಿ ಯಾವಾಗ ಎಂದಲ್ಲ, ಎಲ್ಲಿ ಬಿಡಬೇಕು ಎಂದು ಕಾಯುವವರ ಹಾಗೆ.

ಕಛೇರಿ ಮುಗಿಯಿತು. ಚಪ್ಪಾಳೆ ಉಕ್ಕಿ, ಟೇಪಿನ ಸುಯ್ಯೆನ್ನುವ ಸದ್ದಿನಲ್ಲಿ ಕರಗಿ, ಆ ಸದ್ದೂ ನಿಂತಿತು. ಹೆಡ್‌ಫೋನ್ ತೆಗೆದರೆ ಹೊರಗೆ ಸೂರಿನ ಹನಿ: ಒಂದು ಬಕೆಟ್ಟಿಗೆ, ಒಂದು ಒಗೆಯುವ ಕಲ್ಲಿಗೆ, ಟಪ್ಪೆಂದು ಇದು, ಚಿಟ್ಟೆಂದು ಅದು, ಒಂದರ ಬಿಡುವಿನಲ್ಲಿ ಇನ್ನೊಂದು. ಎಷ್ಟು ಹೊತ್ತು ಕೂತಿದ್ದೆನೋ. ಕೊನೆಗೆ ಕಲ್ಲಿನ ಮೇಲಿನ ಹನಿ ನಿಂತುಹೋಯಿತು. ಬಕೆಟ್ಟಿನದು ಮಾತ್ರ ಅದರ ಜಾಗವನ್ನು ಹಾಗೆಯೇ ಬಿಟ್ಟು ಬೀಳುತ್ತಿತ್ತು.