ಹೊಣೆ ಯಾರದು?

ಊರಿನಿಂದ ಯಾರಾದರೂ ಚಿಕಿತ್ಸೆಗೆಂದು ಪುಣೆಗೆ ಬಂದರೆ ಅವರೊಡನೆ ದವಾಖಾನೆಗೆ ಓಡಾಡುವವರು ನಾವೇ. ಫಾರ್ಮು ತುಂಬುವುದು, ಮರಾಠಿಯಲ್ಲಿ ಮಾತಾಡುವುದು, ಹಣ ಕಟ್ಟುವುದು ಎಲ್ಲವೂ ನಮ್ಮ ಪಾಲಿಗೆ. ಅಲ್ಲಿ ನಾವು ಪದೇ ಪದೇ ಕೇಳುವ ಮಾತು, 'ಅದು ನಮ್ಮ ಕೆಲಸವಲ್ಲ, ಮೇಲಿನವರನ್ನು ಕೇಳಿ.' ಮೇಲಿನವರು ಅಪ್ಪಿತಪ್ಪಿ ಸಿಕ್ಕರೆ, 'ವಾರ್ಡಿನವರನ್ನು ಕೇಳಿ.'

2025ರ ಮಾರ್ಚ್ ಕೊನೆಯಲ್ಲಿ ಈ ನಗರದಲ್ಲಿ ಅವಳಿ ಮಕ್ಕಳನ್ನು ಹೆತ್ತ ತಾಯಿಯೊಬ್ಬರು ತೀರಿಕೊಂಡರು. ಮೊದಲು ಹೋದ ದೀನಾನಾಥ ಮಂಗೇಶಕರ ಆಸ್ಪತ್ರೆಯಲ್ಲಿ ಹತ್ತು ಲಕ್ಷ ರೂಪಾಯಿ ಠೇವಣಿ ಕೇಳಿದ್ದರಿಂದ ಬೇರೆಡೆ ಹೋಗಬೇಕಾಯಿತೆಂದು ಮನೆಯವರು ದೂರಿದರು. ತಪ್ಪು ವೈದ್ಯರದೋ, ಆಡಳಿತದ್ದೋ ಎಂದು ಊರೆಲ್ಲ ಚರ್ಚೆಯಾಯಿತು. ಏಪ್ರಿಲ್‌ನಲ್ಲಿ ವೈದ್ಯರು ರಾಜೀನಾಮೆ ಕೊಟ್ಟರು. ತುರ್ತು ರೋಗಿಗಳಿಂದ ಠೇವಣಿ ಪಡೆಯುವುದಿಲ್ಲವೆಂದು ಆಸ್ಪತ್ರೆ ಸಾರಿತು. ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಆದರೆ ರಾಜೀನಾಮೆಗಿಂತ ಆ ಎರಡನೆಯ ಸಂಗತಿಯೇ ನಮಗೆ ದೊಡ್ಡದಾಗಿ ಕಾಣುತ್ತದೆ. ಒಂದು ನಿರ್ಣಯದಿಂದ ಆಗುವಂಥದ್ದು ಮೊದಲೂ ಮೇಲಿನವರ ಕೈಯಲ್ಲೇ ಇತ್ತಲ್ಲವೇ?

ನಮ್ಮ ರಾಜ್ಯದ್ದೇ ಹಳೆಯ ಮೊಕದ್ದಮೆಯೊಂದಿದೆ. 1963ರಲ್ಲಿ ಅಂದಿನ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಾದ ಮಹಿಳೆಯ ಹೊಟ್ಟೆಯೊಳಗೆ ಬಟ್ಟೆ ಉಳಿದುಹೋಯಿತು. ಎರಡನೆಯ ಸಲ ಹೊಟ್ಟೆ ಕೊಯ್ದರೂ ಆಕೆ ಉಳಿಯಲಿಲ್ಲ. ತಪ್ಪು ಯಾವ ವೈದ್ಯರದೇ ಇರಲಿ, ಅವರನ್ನು ನೇಮಿಸಿದ ಸರ್ಕಾರ ಹೊಣೆಯೆಂದು ಸುಪ್ರೀಂ ಕೋರ್ಟು ಹೇಳಿತು, 1996ರಲ್ಲಿ! ಪರಿಹಾರ 36,000 ರೂಪಾಯಿ.

ನ್ಯಾಯಾಲಯ ಹಣದ ಹೊಣೆಯನ್ನು ಹೇಳಬಲ್ಲದು. ನೈತಿಕ ಹೊಣೆ ಅಣ್ಣತಮ್ಮಂದಿರ ಹೊಲದಂತಲ್ಲ. ಪಾಲು ಮಾಡಿದಷ್ಟೂ ಕಿರಿದಾಗುವುದಿಲ್ಲ. ಬಟ್ಟೆ ಎಣಿಸಬೇಕಾದ ನರ್ಸ್ ಪೂರ್ತಿ ಹೊಣೆ. ಎಣಿಕೆ ಮುಗಿಯದೆ ಹೊಲಿಗೆ ಹಾಕಿದ ವೈದ್ಯರೂ ಪೂರ್ತಿ ಹೊಣೆ. ಆಕೆಯನ್ನು ಎರಡು ಪಾಳಿ ದುಡಿಸಿದ್ದರೆ, ಹಾಗೆ ದುಡಿಸಿದ ಅಧಿಕಾರಿಯೂ ಅಷ್ಟೇ. 'ಎಲ್ಲರೂ ಹೊಣೆ' ಎಂದರೆ ಕೊನೆಗೆ ಯಾರೂ ಅಲ್ಲವೆಂದಾಗುವ ಭಯವಿದೆ, ನಿಜ. ನಾವು ಬಂಧುಗಳಂತೂ ಕೌಂಟರಿನ ಹುಡುಗಿಯ ಮೇಲೆ ಕೂಗಾಡಿ ಮನೆಗೆ ಬರುತ್ತೇವೆ. ವಿಶ್ವಸ್ತರ ಹೆಸರೂ ನಮಗೆ ಗೊತ್ತಿರುವುದಿಲ್ಲ.

'ಡಾಕ್ಟರೇ, ಒಂದು ಬಟ್ಟೆ ಕಡಿಮೆ ಇದೆ' ಎನ್ನಲು ನರ್ಸಿಗೆ ಬಾಯಿ ಬರದಿದ್ದರೆ ಆ ಅಂಜಿಕೆ ಆಕೆ ಮನೆಯಿಂದ ತಂದದ್ದಲ್ಲ. ಧೈರ್ಯಮಾಡಿ ಹೇಳಿದಳೆನ್ನೋಣ. ಮರುವಾರ ಆಕೆಗೆ ಸಾಲಾಗಿ ರಾತ್ರಿ ಪಾಳಿ ಬಿತ್ತೋ ಇಲ್ಲವೋ ಎಂದು ವಿಚಾರಿಸಬೇಕಾದವರು ಆ ವಿಶ್ವಸ್ತರೇ.