ಕಾಯ್ದಿಟ್ಟ ತೋಳು

ಬೇಸ್‌ಬಾಲ್ ಆಡುವ ಊರುಗಳಲ್ಲಿ ಸೆಪ್ಟೆಂಬರ್ ಎಂದರೆ ದಣಿವೂ ಆಸೆಯೂ ಒಟ್ಟಿಗೆ ಬರುವ ತಿಂಗಳು. ಏಪ್ರಿಲ್‌ನಿಂದ ಹೆಚ್ಚುಕಡಿಮೆ ದಿನವೂ ಆಡಿ, 162 ಪಂದ್ಯಗಳ ಕೊನೆಯ ಭಾಗಕ್ಕೆ ಬಂದ ತಂಡದಲ್ಲಿ ನೋವಿಲ್ಲದ ಮೈ ಹುಡುಕಿದರೂ ಸಿಗುವುದಿಲ್ಲ. ಒಬ್ಬನ ಮಣಿಕಟ್ಟು ಮುರಿದಿರುತ್ತದೆ, ಇನ್ನೊಬ್ಬನ ಮಂಡಿ ಕೈಕೊಟ್ಟಿರುತ್ತದೆ, ಚೆಂಡೆಸೆಯುವ ಪಿಚರ್‌ಗಳ ತೋಳಿನಲ್ಲಿ ಇಡೀ ಬೇಸಗೆಯ ಭಾರ ಕೂತಿರುತ್ತದೆ. ಗಾಯಗೊಂಡವರ ಜಾಗ ತುಂಬಲು ಮೈನರ್ ಲೀಗಿನಿಂದ ಹುಡುಗರು ಬರುತ್ತಾರೆ. ಅಕ್ಟೋಬರ್‌ನ ನಾಕೌಟ್ ಪಂದ್ಯಗಳು ಕಣ್ಣಳತೆಯಲ್ಲಿರುತ್ತವೆ. ಎಷ್ಟು ನೋವಿದ್ದರೂ ಇನ್ನೊಂದು ತಿಂಗಳು ತಡೆದುಕೊಳ್ಳೋಣ ಎಂದು ಎಲ್ಲರೂ ಹಲ್ಲುಕಚ್ಚಿ ನಿಲ್ಲುವ ಈ ಹೊತ್ತಿನಲ್ಲಿ, 2012ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತಂಡ ತನ್ನ ಅತಿ ಪ್ರತಿಭಾವಂತ ಪಿಚರ್‌ನನ್ನು, ಅವನಿಗೆ ಯಾವ ಗಾಯವೂ ಆಗಿಲ್ಲದಿರುವಾಗ, ಈ ವರ್ಷಕ್ಕೆ ಸಾಕೆಂದು ಕೂರಿಸಿತು. ಆ ತೀರ್ಮಾನವನ್ನು ಕುರಿತು ಯೋಚಿಸಿದಷ್ಟೂ ಅದು ಆಟದ ಗೆರೆ ದಾಟಿ ನಮ್ಮೆಲ್ಲರ ಬದುಕಿನ ಪ್ರಶ್ನೆಯಾಗುತ್ತ ಹೋಗುತ್ತದೆ.

ಸ್ಟೀಫನ್ ಸ್ಟ್ರಾಸ್‌ಬರ್ಗ್ 2009ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಹುಡುಗ. 2010ರ ಜೂನ್ 8ರಂದು, ತನ್ನ ಮೊದಲ ಪಂದ್ಯದಲ್ಲೇ, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ವಿರುದ್ಧ 14 ಸ್ಟ್ರೈಕ್‌ಔಟ್ ಪಡೆದ, ಎಂದರೆ ಮೂರು ಸ್ಟ್ರೈಕ್‌ಗಳಲ್ಲಿ ಬ್ಯಾಟರ್‌ನನ್ನು ಔಟ್ ಮಾಡುವುದನ್ನು 14 ಸಲ ಸಾಧಿಸಿದ. ಗಂಟೆಗೆ 100 ಮೈಲಿಯ ಆಸುಪಾಸಿನಲ್ಲಿ ಹೋಗುತ್ತಿದ್ದ ಅವನ ಚೆಂಡನ್ನು ಕಂಡು ಸೋತು ಸೊರಗಿದ್ದ ಊರು ಎದ್ದು ಕೂತಿತು. ಎರಡೂವರೆ ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್ 21ರಂದು, ಫಿಲಡೆಲ್ಫಿಯದಲ್ಲಿ ಚೆಂಡೊಂದನ್ನು ಎಸೆದವನೇ ನೋವಿನಿಂದ ಮುಖ ಕಿವುಚಿ ಕೈ ಕೊಡವಿದ. ಮೊಣಕೈಯ ಅಸ್ಥಿರಜ್ಜು ಹರಿದಿತ್ತು.

ಕ್ರಿಕೆಟ್ ಬೌಲರ್ ತೋಳನ್ನು ನೆಟ್ಟಗಿಟ್ಟು ತಿರುಗಿಸುತ್ತಾನೆ. ಅವನಿಗೆ ಬೆನ್ನಿನ ಚಿಂತೆ ಹೆಚ್ಚು. ಪಿಚರ್ ಹಾಗಲ್ಲ. ಅವನು ಮೊಣಕೈ ಮಡಿಸಿ, ಭುಜವನ್ನು ಹಿಂದಕ್ಕೆ ತಿರುಚಿ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಇಡೀ ತೋಳನ್ನು ಮುಂದಕ್ಕೆ ಬೀಸುತ್ತಾನೆ. ಆ ತಿರುಚಿನ ಬಲವೆಲ್ಲ ಮೊಣಕೈಯ ಒಳಮಗ್ಗುಲಲ್ಲಿ ಎರಡು ಮೂಳೆಗಳನ್ನು ಹಿಡಿದಿರುವ ಚಿಕ್ಕ ರಜ್ಜುವಿನ ಮೇಲೆ ಬೀಳುತ್ತದೆ. ಸ್ನಾಯುವನ್ನು ಸಾಧನೆಯಿಂದ ಬೆಳೆಸಬಹುದು. ಈ ರಜ್ಜುವಿಗೆ ಆ ಭಾಗ್ಯವಿಲ್ಲ. ಒಂದು ಕಾಲದಲ್ಲಿ ಅದು ಹರಿದರೆ ಆಟ ಮುಗಿದಂತೆಯೇ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಎಂಬ ವೈದ್ಯರು ಟಾಮಿ ಜಾನ್ ಎಂಬ ಎಡಗೈ ಪಿಚರ್‌ನ ಬಲ ಮುಂಗೈಯಿಂದ ಸ್ನಾಯುರಜ್ಜುವೊಂದನ್ನು ತೆಗೆದು ಎಡ ಮೊಣಕೈಗೆ ಹೊಲಿದರು. ಮರಳಿ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂಬುದು ಆಗ ವೈದ್ಯರ ಅಂದಾಜಾಗಿತ್ತು. ಜಾನ್ 1976ರಲ್ಲಿ ಮರಳಿದರು, 1989ರವರೆಗೆ ಆಡಿದರು, ಆ ಚಿಕಿತ್ಸೆಯ ನಂತರವೇ 164 ಪಂದ್ಯ ಗೆದ್ದರು. ಈಗ ಆ ಶಸ್ತ್ರಚಿಕಿತ್ಸೆಗೆ ರೋಗಿಯ ಹೆಸರೇ ನಿಂತಿದೆ. ಸ್ಟ್ರಾಸ್‌ಬರ್ಗ್‌ಗೂ ಅದೇ ಆಯಿತು. ಒಂದು ವರ್ಷದ ಮೌನದ ಬಳಿಕ 2011ರ ಸೆಪ್ಟೆಂಬರ್‌ನಲ್ಲಿ ಮರಳಿ ಬಂದ.

2012ರ ಋತು ಶುರುವಾಗುವ ಮೊದಲೇ ತಂಡದ ಜನರಲ್ ಮ್ಯಾನೇಜರ್ ಮೈಕ್ ರಿಜ಼ೊ ಒಂದು ಮಾತು ಹೇಳಿದ್ದರು: ಹೊಸ ರಜ್ಜುವಿನ ತೋಳಿಗೆ ಈ ವರ್ಷ ಇನಿಂಗ್ಸ್‌ಗಳ ಮಿತಿ ಇರುತ್ತದೆ. ಇದೇ ಚಿಕಿತ್ಸೆಯಾಗಿದ್ದ ಜೋರ್ಡನ್ ಜ಼ಿಮ್ಮರ್‌ಮನ್‌ನನ್ನು ಹಿಂದಿನ ವರ್ಷ 161 ಇನಿಂಗ್ಸ್‌ಗಳ ಹೊತ್ತಿಗೆ ನಿಲ್ಲಿಸಲಾಗಿತ್ತು. ಆಗ ಯಾರೂ ತಕರಾರು ಎತ್ತಿರಲಿಲ್ಲ, ತಂಡ ಗೆಲ್ಲುತ್ತಿರಲಿಲ್ಲವಲ್ಲ. ಆದರೆ 2012ರಲ್ಲಿ ಯಾರೂ ಎಣಿಸದಿದ್ದದ್ದು ನಡೆಯಿತು. ಕೀಪರ್ ಜಾಗದ ವಿಲ್ಸನ್ ರಾಮೋಸ್‌ನ ಮಂಡಿ ಹೋಯಿತು, ಜೇಸನ್ ವರ್ತ್‌ನ ಮಣಿಕಟ್ಟು ಮುರಿಯಿತು, ಕೊನೆಯ ಇನಿಂಗ್ಸ್ ಕಾಯಬೇಕಿದ್ದ ಡ್ರೂ ಸ್ಟೋರೆನ್ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾಗಿ ಜುಲೈವರೆಗೆ ಹೊರಗುಳಿದ. ಇಷ್ಟಾಗಿಯೂ ತಂಡ ಗೆಲ್ಲುತ್ತಲೇ ಹೋಯಿತು. ಏಪ್ರಿಲ್ ಕೊನೆಯಲ್ಲಿ ಬಂದ 19 ವರ್ಷದ ಬ್ರೈಸ್ ಹಾರ್ಪರ್ ದೊಡ್ಡವರ ನಡುವೆ ದೊಡ್ಡವನಂತೆ ಆಡಿದ. 1933ರ ನಂತರ ರಾಜಧಾನಿ ಕಂಡಿರದ ಅಕ್ಟೋಬರ್ ಪಂದ್ಯ ಬಾಗಿಲಿಗೆ ಬಂದಿತ್ತು. ಆಗಲೇ, ಸೆಪ್ಟೆಂಬರ್ 8ರಂದು, ಮ್ಯಾನೇಜರ್ ಡೇವಿ ಜಾನ್ಸನ್ ಸ್ಟ್ರಾಸ್‌ಬರ್ಗ್‌ನ ಋತು ಮುಗಿಯಿತೆಂದು ಹೇಳಿದರು. ಅವನ ಲೆಕ್ಕದಲ್ಲಿ 15 ಗೆಲುವು, 197 ಸ್ಟ್ರೈಕ್‌ಔಟ್, 159 ದಾಟಿದ ಇನಿಂಗ್ಸ್.

ಊರು ಎರಡಾಯಿತು. ಹಳೆಯ ಆಟಗಾರರು ಬೈದರು, ವೈದ್ಯರು ವಾದಿಸಿದರು. ಸ್ಟ್ರಾಸ್‌ಬರ್ಗ್‌ಗೂ ಇದು ಇಷ್ಟವಿರಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ. ಅವನ ತೋಳಿನ ಬಗ್ಗೆ ಅವನ ಮಾತೇ ನಡೆಯಬೇಕಿತ್ತಲ್ಲವೆ? ಈ ಪ್ರಶ್ನೆಯನ್ನು ನಾನು ಹಗುರವಾಗಿ ದಾಟಲಾರೆ. ಆದರೆ ಗೆಲ್ಲುವ ತಂಡದಲ್ಲಿ, ಸೆಪ್ಟೆಂಬರ್‌ನಲ್ಲಿ, 24ನೇ ವಯಸ್ಸಿನಲ್ಲಿ ಯಾರು ತಾನೇ 'ನನಗೆ ಸಾಕು' ಎಂದಾರು? ಹಾಗೆ ಹೇಳುವುದು ಜೊತೆಗಾರರಿಗೆ ದ್ರೋಹ ಬಗೆದಂತೆ ಎಂದೇ ಆ ವಯಸ್ಸಿಗೆ ಅನಿಸುತ್ತದೆ. ಅದಕ್ಕಾಗಿಯೇ ಆ ಮಾತನ್ನು ಬೇರೊಬ್ಬರು ಹೇಳಬೇಕಾಗುತ್ತದೆ, ಹೇಳಿದ ಮೇಲೆ ಬರುವ ಬೈಗುಳವನ್ನೂ ಅವರೇ ಹೊರಬೇಕಾಗುತ್ತದೆ.

ತಂಡ 98 ಪಂದ್ಯ ಗೆದ್ದು ಅಕ್ಟೋಬರ್‌ಗೆ ಕಾಲಿಟ್ಟಿತು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎದುರಾಳಿ. ಸರಣಿಯ ನಾಲ್ಕನೇ ಪಂದ್ಯದಲ್ಲಿ ರಾಸ್ ಡೆಟ್ವೈಲರ್ ಆರು ಇನಿಂಗ್ಸ್ ಸೊಗಸಾಗಿ ಎಸೆದ, ತಂಡ ಗೆದ್ದಿತು. ಅಕ್ಟೋಬರ್ 12ರ ಐದನೆಯ, ಕಡೆಯ ಪಂದ್ಯದಲ್ಲಿ ವಾಷಿಂಗ್ಟನ್ 6–0 ಮುಂದಿತ್ತು. ಒಂಬತ್ತನೇ ಇನಿಂಗ್ಸ್ ಬಂದಾಗ 7–5. ಇನ್ನೊಂದೇ ಸ್ಟ್ರೈಕ್ ಬಿದ್ದರೆ ಮುಗಿಯಿತು ಎನ್ನುವ ಗಳಿಗೆ ಎರಡು ಬಾರಿ ಬಂದು ಹೋಯಿತು. ಆ ವರ್ಷವೇ ಮೊಣಕೈ ಕೊಯ್ಸಿಕೊಂಡಿದ್ದ ಸ್ಟೋರೆನ್ ಕೈಯಲ್ಲಿ ಚೆಂಡಿತ್ತು. ಡೇನಿಯಲ್ ಡೆಸ್ಕಾಲ್ಸೊ ಹೊಡೆದು ಸಮ ಮಾಡಿದ. ಪೀಟ್ ಕೊಜ್ಮಾ ಹೊಡೆದು ಮುಂದೆ ತಂದ. 9–7. ಋತು ಮುಗಿಯಿತು.

ಈ ಕೊಜ್ಮಾ ಯಾರು? ಸ್ಟ್ರಾಸ್‌ಬರ್ಗ್‌ನಷ್ಟೇ, 24 ವರ್ಷದವನು. 2007ರಲ್ಲಿ ಮೊದಲ ಸುತ್ತಿನಲ್ಲೇ ಆಯ್ಕೆಯಾಗಿ, ವರ್ಷಗಟ್ಟಲೆ ಮೈನರ್ ಲೀಗಿನಲ್ಲಿ ಉಳಿದು, ಜನ ಹೆಚ್ಚುಕಡಿಮೆ ಮರೆತೇಬಿಟ್ಟಿದ್ದ ಹುಡುಗ. ಆಗಸ್ಟ್ ಕೊನೆಯಲ್ಲಿ ಕಾರ್ಡಿನಲ್ಸ್‌ನ ಹಿರಿಯ ಆಟಗಾರ ರಫೇಲ್ ಫುರ್ಕಾಲ್‌ನ ಮೊಣಕೈ ರಜ್ಜು ಹರಿದಿದ್ದರಿಂದ ಅವನಿಗೆ ಕರೆ ಬಂದಿತ್ತು. ಒಂದು ಮೊಣಕೈ ಉಳಿಯಲೆಂದು ಒಂದು ತಂಡ ತನ್ನ ಶ್ರೇಷ್ಠನನ್ನು ಕೂರಿಸಿತು. ಇನ್ನೊಂದು ಮೊಣಕೈ ಹರಿದದ್ದರಿಂದ ಬಂದವನು ಆ ತಂಡವನ್ನೇ ಮನೆಗೆ ಕಳಿಸಿದ. ಋತುವಿನ ಕೊನೆಯಲ್ಲಿ ಹೊಸಬರಿಗೆ ಬಾಗಿಲು ತೆರೆಯುವುದು ಬಹಳ ಸಲ ಹೀಗೆಯೇ, ಇನ್ನೊಬ್ಬರ ನೋವಿನಿಂದ. ಬರುವ ಹುಡುಗನ ತಪ್ಪು ಅದರಲ್ಲೇನೂ ಇಲ್ಲ. ಸಿಕ್ಕ ಜಾಗದಲ್ಲಿ ಪೂರ್ಣ ಮನಸ್ಸಿನಿಂದ ನಿಲ್ಲುವುದೇ ಅವನು ಹಿಂದಿನವನಿಗೆ ಸಲ್ಲಿಸಬಹುದಾದ ಗೌರವ.

ಸ್ಟ್ರಾಸ್‌ಬರ್ಗ್ ಇದ್ದಿದ್ದರೆ ತಂಡ ಗೆಲ್ಲುತ್ತಿತ್ತು ಎಂಬ ಮಾತು ಆ ರಾತ್ರಿ ಹುಟ್ಟಿ ಏಳು ವರ್ಷ ಬದುಕಿತು. 2019ರಲ್ಲಿ ಅವನು ನ್ಯಾಷನಲ್ ಲೀಗಿನಲ್ಲೇ ಅತಿ ಹೆಚ್ಚು, 209 ಇನಿಂಗ್ಸ್ ಎಸೆದ. ಅಕ್ಟೋಬರ್‌ನಲ್ಲಿ ಐದು ಗೆಲುವು, ಒಂದೂ ಸೋಲಿಲ್ಲ. ವಾಷಿಂಗ್ಟನ್ ವರ್ಲ್ಡ್ ಸೀರೀಸ್ ಗೆದ್ದಿತು, ಅವನು ಸರಣಿಶ್ರೇಷ್ಠನಾದ. ನೋಡಿದಿರಾ, ಕಾಯ್ದದ್ದು ಫಲ ಕೊಟ್ಟಿತು ಎಂದರು ಜನ. ಆ ಡಿಸೆಂಬರ್‌ನಲ್ಲಿ ತಂಡ ಅವನಿಗೆ ಏಳು ವರ್ಷಕ್ಕೆ 24.5 ಕೋಟಿ ಡಾಲರ್‌ಗಳ ಒಪ್ಪಂದ ಕೊಟ್ಟಿತು. ಆಮೇಲೆ ಅವನು ಆಡಿದ್ದು ಕೇವಲ 8 ಪಂದ್ಯ. ಕತ್ತು ಮತ್ತು ಎದೆಗೂಡಿನ ನಡುವೆ ನರಗಳು ಒತ್ತಿಹೋಗುವ ತೊಂದರೆಗೆ ಮತ್ತೊಂದು ಶಸ್ತ್ರಚಿಕಿತ್ಸೆಯಾಯಿತು, ಬಲ ಮರಳಲಿಲ್ಲ. 2024ರಲ್ಲಿ ನಿವೃತ್ತನಾದ.

ಹಾಗಾದರೆ 2012ರ ತೀರ್ಮಾನ ಸರಿಯೇ, ತಪ್ಪೇ? ಫಲವನ್ನು ನೋಡಿ ತೂಗಲು ಹೊರಟರೆ ತಕ್ಕಡಿ ನಿಲ್ಲುವುದೇ ಇಲ್ಲ: 2012ರಲ್ಲಿ ತಪ್ಪು, 2019ರಲ್ಲಿ ಸರಿ, 2024ರಲ್ಲಿ ಮತ್ತೆ ಅನುಮಾನ. ಕೆರೆಯ ತೂಬು ಕಾಯುವ ನೀರುಗಂಟಿಯೂ ಇಂಥದೇ ಇಕ್ಕಟ್ಟಿನಲ್ಲಿರುತ್ತಾನೆ. ಇಂದು ಬಿಟ್ಟರೆ ಪೈರು ನಗುತ್ತದೆ, ಹಿಡಿದರೆ ಬೈಗುಳ. ಮುಂದಿನ ಮಳೆಯ ಮಾತು ಅವನ ಕೈಯಲ್ಲಿಲ್ಲ. ಅವನನ್ನು ನಾವು ಅಳೆಯುವುದು ಮಳೆ ಬಂತೋ ಇಲ್ಲವೋ ಎಂಬುದರಿಂದಲ್ಲ, ಇದ್ದ ನೀರಿಗೆ ಅವನು ನಿಷ್ಠನಾಗಿದ್ದನೋ ಎಂಬುದರಿಂದ.

ರಿಜ಼ೊ ಅವರ ತೀರ್ಮಾನದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದೇ. ಸೋಲುವ ತಂಡವಾಗಿದ್ದಾಗ ಕೊಟ್ಟ ಮಾತನ್ನು ಗೆಲ್ಲುವ ತಂಡವಾದ ಮೇಲೂ ಅವರು ಉಳಿಸಿಕೊಂಡರು. ನಷ್ಟವಿಲ್ಲದಾಗ ಇನ್ನೊಬ್ಬರ ಮೈಯ ಬಗ್ಗೆ ಕಾಳಜಿ ತೋರುವುದು ಸುಲಭ. ನಷ್ಟ ಕಣ್ಣೆದುರಿಗೆ ಬಂದು ನಿಂತಾಗಲೂ ಆ ಕಾಳಜಿ ಕದಲದಿದ್ದರೆ ಮಾತ್ರ ಅದು ನಿಜ. ಟೀಕಾಕಾರರ ಒಂದು ಮಾತನ್ನು ಮಾತ್ರ ನಾನು ತಳ್ಳಿಹಾಕಲಾರೆ. ವರ್ಷದ ಮೊದಲಲ್ಲೇ ನಡುನಡುವೆ ಬಿಡುವು ಕೊಟ್ಟಿದ್ದರೆ, ಅದೇ ಮಿತಿಯೊಳಗೆ ಅಕ್ಟೋಬರ್‌ಗೂ ಒಂದಿಷ್ಟು ಇನಿಂಗ್ಸ್ ಉಳಿಯುತ್ತಿದ್ದವು. ಕಾಳಜಿಗೆ ಗಟ್ಟಿತನವೊಂದೇ ಸಾಲದು, ಮುಂದಾಲೋಚನೆಯೂ ಬೇಕು.

ಮನುಷ್ಯನ ತೋಳು ಎಷ್ಟು ಕಾಯ್ದರೂ ಒಂದು ದಿನ ಸವೆಯುತ್ತದೆ. ಸ್ಟ್ರಾಸ್‌ಬರ್ಗ್‌ನ ಕಥೆ ಅದನ್ನು ಮತ್ತೊಮ್ಮೆ ಹೇಳಿತು. ಆದರೂ ಚಿಕ್ಕವರ ಶಕ್ತಿಯನ್ನು ನಂಬಿ ಕಟ್ಟಿದ ಯಾವುದೇ ಜಾಗದಲ್ಲಿ, ಅದು ಆಟದ ಮೈದಾನವಿರಲಿ, ಸಂಗೀತದ ಮನೆಯಿರಲಿ, ಕಾರ್ಖಾನೆಯಿರಲಿ, 'ಈಗ ನಿಲ್ಲಿಸು, ಬೈಗುಳ ನನಗಿರಲಿ' ಎನ್ನುವ ಹಿರಿಯರೊಬ್ಬರು ಇರಲೇಬೇಕು. ಅವರ ಎಣಿಕೆ ಕೆಲವೊಮ್ಮೆ ತಪ್ಪೀತು. ಹಾಗೆ ಹೇಳುವವರೇ ಇಲ್ಲದ ಜಾಗದಲ್ಲಿ ಮಾತ್ರ ಚಿಕ್ಕವರ ಮೈ ಎಂದಿಗೂ ಅವರದಾಗಿ ಉಳಿಯುವುದಿಲ್ಲ.