ಚಪ್ಪಾಳೆಗೆ ಮುನ್ನ

ಪಿಯುಸಿ ಪರೀಕ್ಷೆ ಮುಗಿಸಿ ಊರಿಗೆ ಬಂದ ನಮ್ಮ ಅಕ್ಕನ ಮಗ ಒಂದು ಹಾಳೆಯನ್ನು ಮುಂದಿಟ್ಟು, "ಮಾಮು, ನೋಡಲೇಬೇಕಾದ ಯುದ್ಧದ ಸಿನಿಮಾಗಳ ಹೆಸರು ಬರೆದುಕೊಡಿ" ಎಂದ. ಕತೆ ಬರೆಯುವವರಿಗೆ ಇಂಥದ್ದೊಂದು ಪಟ್ಟಿ ಕೊಡುವುದು ದೊಡ್ಡ ಕೆಲಸವೇನಲ್ಲ. ಆದರೂ ಪೆನ್ನು ಹಿಡಿದ ಕೈ ಮುಂದೆ ಸಾಗಲಿಲ್ಲ. ಯುದ್ಧದ ಕತೆ ಕೇಳಲು ರಮ್ಯ ಎಂದು ಹಿಂದಿನವರು ಹೇಳಿದ್ದಾರೆ. ಮನುಷ್ಯರು ಸಾಯುವುದನ್ನು ಟಿಕೆಟು ಕೊಂಡು ನೋಡುವಾಗ ನಾವು ಸವಿಯುವುದಾದರೂ ಏನನ್ನು? ಇದಕ್ಕೆ ಉತ್ತರ ಕಂಡುಕೊಳ್ಳದೆ ಒಂದು ಹೆಸರನ್ನೂ ಬರೆಯುವುದು ಸರಿಯೆನಿಸಲಿಲ್ಲ.

1997ರಲ್ಲಿ 'ಬಾರ್ಡರ್' ನಮ್ಮೂರಿನ ಟಾಕೀಸಿಗೆ ಬಂದಾಗ ನಾವೂ ಆ ಹುಡುಗನ ವಯಸ್ಸಿನವರು. 1971ರ ಲೋಂಗೇವಾಲಾ ಕಾಳಗವನ್ನು ಆಧರಿಸಿ ಜೆ.ಪಿ. ದತ್ತಾ ತೆಗೆದ ಚಿತ್ರ. ಮೊಹಲ್ಲಾದ ನಾಲ್ವರು ಗೆಳೆಯರು ಗಾಂಧಿ ಕ್ಲಾಸಿನಲ್ಲಿ ಕೂತಿದ್ದೆವು. ಪಾಕಿಸ್ತಾನದ ಒಂದೊಂದು ಟ್ಯಾಂಕು ಉರಿದಾಗಲೂ ಟಾಕೀಸು ಸಿಳ್ಳೆ, ಚಪ್ಪಾಳೆಗಳಿಂದ ತುಂಬುತ್ತಿತ್ತು. ನಾವು ಎಲ್ಲರಿಗಿಂತ ಜೋರಾಗಿ ತಟ್ಟಿದೆವು. ನಾವು ತಟ್ಟುತ್ತೇವೋ ಇಲ್ಲವೋ ಎಂದು ಹಿಂದಿನ ಸಾಲಿನಿಂದ ಯಾರೋ ನೋಡುತ್ತಿದ್ದಾರೆಂಬ ಅಳುಕು. ನಿಜವಾಗಿ ಯಾರಾದರೂ ನೋಡುತ್ತಿದ್ದರೋ ಇಂದಿಗೂ ತಿಳಿಯದು. ಹಾಗೆಂದು ಅಳುಕೊಂದೇ ಕಾರಣವೆಂದರೆ ಸುಳ್ಳಾದೀತು. ನಮಗೆ ಖುಷಿಯೂ ಆಗಿತ್ತು. ಚಿತ್ರದ ಕೊನೆಯಲ್ಲಿ ಜಾವೇದ್ ಅಖ್ತರ್ ಬರೆದ, ಶತ್ರುವನ್ನು ಸೋದರನೆಂದು ಕರೆದು ಮಾತನಾಡಿಸುವ ಹಾಡಿದೆ. ಅದು ಬರುವಷ್ಟರಲ್ಲಿ ಜನ ಕತ್ತಲಲ್ಲಿ ಚಪ್ಪಲಿ ತಡಕಿಕೊಂಡು ಬಾಗಿಲಿಗೆ ನಡೆದಿದ್ದರು. ನಾವೂ ನಡೆದಿದ್ದೆವು.

ಸೈನಿಕನ ಧೈರ್ಯಕ್ಕೆ, ಅವನು ಗೆಳೆಯನಿಗಾಗಿ ಪ್ರಾಣ ಒಡ್ಡುವುದಕ್ಕೆ ಮನಸ್ಸು ತುಂಬಿ ಬಂದರೆ ಅದರಲ್ಲಿ ತಪ್ಪೇನಿದೆ ಎಂದು ಕೇಳಬಹುದು. ಏನೂ ತಪ್ಪಿಲ್ಲ. ತೊಡಕಿರುವುದು ಚಪ್ಪಾಳೆಯಲ್ಲಿ. ಒಬ್ಬ ಬದುಕಿದ್ದಕ್ಕೂ ಇನ್ನೊಬ್ಬ ಸುಟ್ಟುಹೋದದ್ದಕ್ಕೂ ಅದು ಒಂದೇ ಸದ್ದು ಮಾಡುತ್ತದೆ. ಚಿತ್ರ ತೆಗೆದವರ ಉದ್ದೇಶ ಒಳ್ಳೆಯದಿದ್ದರೆ ಸಾಕೆಂದೂ ಹೇಳಲಾಗದು. 1979ರ 'ಅಪಾಕಲಿಪ್ಸ್ ನೌ' ವಿಯೆಟ್ನಾಂ ಯುದ್ಧದ ಹುಚ್ಚನ್ನು ತೋರಿಸಲು ಹೊರಟ ಚಿತ್ರ. 2005ರ 'ಜಾರ್‌ಹೆಡ್' ಚಿತ್ರದಲ್ಲಿ ಕೊಲ್ಲಿ ಯುದ್ಧಕ್ಕೆ ಹೊರಡಲಿರುವ ಅಮೆರಿಕದ ಯೋಧರು ಅದೇ ಚಿತ್ರವನ್ನು ನೋಡುತ್ತ, ಹೆಲಿಕಾಪ್ಟರುಗಳು ವಿಯೆಟ್ನಾಮಿನ ಹಳ್ಳಿಯ ಮೇಲೆ ಎರಗುವಾಗ ಕೇಕೆ ಹಾಕುತ್ತಾರೆ. ಆ ದೃಶ್ಯ ಕಂಡಾಗ ನಮಗೆ ನಮ್ಮೂರಿನ ಟಾಕೀಸು ನೆನಪಾಯಿತು.

ಹಾಗಾದರೆ ಯುದ್ಧದ ಚಿತ್ರವನ್ನು ಅಳೆಯುವುದು ಹೇಗೆ? ನಮಗೆ ಹೊಳೆದ ಅಳತೆ ಸರಳವಾದುದು: ಆಚೆ ಕಡೆಯ ಹೆಣಕ್ಕೆ ಒಂದು ಮನೆ ಇದೆಯೇ?

ರೆಮಾರ್ಕ್‌ನ ಕಾದಂಬರಿಯನ್ನು ಆಧರಿಸಿದ 1930ರ 'ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್' ಚಿತ್ರದಲ್ಲಿ ಜರ್ಮನ್ ಯುವಕ ಪೌಲ್, ತಾನು ಅಡಗಿದ್ದ ಗುಂಡಿಗೆ ಹಾರಿದ ಫ್ರೆಂಚ್ ಸೈನಿಕನನ್ನು ಇರಿಯುತ್ತಾನೆ. ಆ ಸೈನಿಕ ತಕ್ಷಣ ಸಾಯುವುದಿಲ್ಲ. ಇರಿದವನೇ ಅವನಿಗೆ ನೀರು ಕುಡಿಸುತ್ತಾನೆ, ಕ್ಷಮೆ ಬೇಡುತ್ತಾನೆ. ಸತ್ತವನ ಜೇಬಿನಲ್ಲಿ ಹೆಂಡತಿ, ಮಗಳ ಚಿತ್ರ ಸಿಗುತ್ತದೆ. ಇದೇ ಚಿತ್ರ 1930ರ ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ತೆರೆಕಂಡಾಗ ಗೊಬೆಲ್ಸ್‌ನ ಮುಂದಾಳ್ತನದಲ್ಲಿ ನಾಜಿಗಳು ಚಿತ್ರಮಂದಿರದಲ್ಲಿ ದುರ್ವಾಸನೆಯ ಬಾಂಬು ಎಸೆದರು, ಬಿಳಿ ಇಲಿಗಳನ್ನು ಬಿಟ್ಟರು. ಕೆಲವೇ ದಿನಗಳಲ್ಲಿ ಚಿತ್ರಕ್ಕೆ ನಿಷೇಧ ಬಂತು. ಮುಂದಿನ ಯುದ್ಧಕ್ಕೆ ಹುಡುಗರನ್ನು ಸಜ್ಜುಗೊಳಿಸುತ್ತಿದ್ದವರಿಗೆ ಆ ಜೇಬಿನ ಚಿತ್ರ ಸಹ್ಯವಾಗುವುದಾದರೂ ಹೇಗೆ?

ಮೊದಲ ಮಹಾಯುದ್ಧದಲ್ಲಿ ಸ್ವತಃ ವಿಮಾನ ಹಾರಿಸಿದ್ದ ಜಾನ್ ರೆನ್ವಾರ್ 1937ರಲ್ಲಿ 'ಗ್ರ್ಯಾಂಡ್ ಇಲ್ಯೂಷನ್' ತೆಗೆದ. ಸೆರೆಯಿಂದ ತಪ್ಪಿಸಿಕೊಂಡ ಇಬ್ಬರು ಫ್ರೆಂಚರಿಗೆ ಜರ್ಮನ್ ರೈತ ಹೆಂಗಸೊಬ್ಬಳು ಆಸರೆ ಕೊಡುತ್ತಾಳೆ. ಗೋಡೆಯ ಮೇಲಿನ ಚಿತ್ರಗಳನ್ನು ತೋರಿಸಿ, ಗಂಡ ಎಲ್ಲಿ ಸತ್ತ, ಅಣ್ಣತಮ್ಮಂದಿರು ಎಲ್ಲೆಲ್ಲಿ ಸತ್ತರು ಎಂದು ಹೇಳುತ್ತಾಳೆ. ಅವೆಲ್ಲ ತನ್ನ ದೇಶದ ದೊಡ್ಡ ಗೆಲುವುಗಳಂತೆ. ಈಗ ಊಟದ ಮೇಜು ಮನೆಗೆ ತೀರಾ ದೊಡ್ಡದಾಯಿತು ಎನ್ನುತ್ತಾಳೆ. ಇಡೀ ಚಿತ್ರದಲ್ಲಿ ರಣರಂಗದ ಕಾಳಗವೇ ಇಲ್ಲ. ಆ ಖಾಲಿ ಮೇಜು ಸಾಕು.

ಇವೆರಡೂ ದೂರದ ಯುದ್ಧಗಳು; ನ್ಯಾಯವಾಗಿರುವುದು ಸುಲಭ. ನಮ್ಮ ಅಳತೆಗೆ ನಿಜವಾದ ಪರೀಕ್ಷೆ ಗಿಲ್ಲೋ ಪೊಂಟೆಕೋರ್ವೊನ 'ದಿ ಬ್ಯಾಟಲ್ ಆಫ್ ಆಲ್ಜಿಯರ್ಸ್'. 1966ರಲ್ಲಿ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಪಡೆದ ಈ ಚಿತ್ರ ಫ್ರೆಂಚ್ ಆಳ್ವಿಕೆಯ ವಿರುದ್ಧ ಅಲ್ಜೀರಿಯನ್ನರ ಹೋರಾಟದ ಕತೆ. ಮೊದಲ ಬಾರಿ ನೋಡಿದಾಗ ಆ ಓಣಿಗಳು, ಬುರ್ಖಾ ತೊಟ್ಟ ಹೆಂಗಸರು, ಬಾಂಗಿನ ಕರೆ ಎಲ್ಲವೂ ನಮ್ಮವೇ ಎನಿಸಿತ್ತು. ಕಸ್ಬಾದಲ್ಲಿ ರಾತ್ರಿ ಬಾಂಬು ಸಿಡಿದು ಮಕ್ಕಳ ಹೆಣಗಳನ್ನು ಅವಶೇಷಗಳಡಿಯಿಂದ ಎತ್ತುವಾಗ ನಮ್ಮ ಮುಷ್ಟಿ ಬಿಗಿಯಿತು. ಪ್ರತೀಕಾರಕ್ಕೆ ಮೂವರು ಹೆಂಗಸರು ವೇಷ ಬದಲಿಸಿ ಬುಟ್ಟಿ, ಚೀಲಗಳಲ್ಲಿ ಬಾಂಬು ಹೊತ್ತು ಹೊರಡುತ್ತಾರೆ. ನಾವು ಅವರ ಜೊತೆ ಹೊರಟೇಬಿಟ್ಟಿದ್ದೆವು. ಅಷ್ಟರಲ್ಲಿ ಕ್ಯಾಮೆರಾ ಯುರೋಪಿಯನ್ನರ ಕೆಫೆಯೊಳಗೆ ನಿಲ್ಲುತ್ತದೆ. ಹರಟುವವರು, ನಗುವವರು, ಐಸ್‌ಕ್ರೀಮು ತಿನ್ನುವ ಒಂದು ಪುಟ್ಟ ಮಗು. ಒಂದೊಂದು ಮುಖವನ್ನೂ ಆಕೆ ನೋಡುತ್ತಾಳೆ, ನಮಗೂ ನೋಡಿಸುತ್ತಾಳೆ. ಬಾಂಬು ಸಿಡಿದ ಮೇಲೆ ಕಸ್ಬಾದ ಹೆಣಗಳಿಗೆ ಕೇಳಿಸಿದ್ದ ಅದೇ ಶೋಕದ ಸಂಗೀತ ಈ ಹೆಣಗಳಿಗೂ ಕೇಳಿಸುತ್ತದೆ.

ಇದರಿಂದ ಆಳಿದವನನ್ನೂ ಆಳಿಸಿಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತಾಯಿತಲ್ಲ ಎಂದು ಗೆಳೆಯರೊಬ್ಬರು ಆಕ್ಷೇಪಿಸಿದ್ದರು. ನಮಗೆ ಹಾಗೆನಿಸುವುದಿಲ್ಲ. ಯಾರ ಪಕ್ಷ ನ್ಯಾಯದ್ದು ಎಂಬ ಬಗ್ಗೆ ಆ ಚಿತ್ರಕ್ಕೆ ಸಂದೇಹವಿಲ್ಲ. ನ್ಯಾಯ ತೀರ್ಮಾನಿಸುವುದು ಬೇರೆ, ಸತ್ತವರಿಗೆ ಮರುಗುವುದು ಬೇರೆ. ನಮ್ಮ ಪಕ್ಷ ನ್ಯಾಯದ್ದಾದ ಮಾತ್ರಕ್ಕೆ ನಮ್ಮ ಕೈಯಿಂದ ಸತ್ತ ಮಗು ಸಾಯದೆ ಉಳಿಯುವುದಿಲ್ಲ.

ಸಿನಿಮಾ ಮನುಷ್ಯನನ್ನು ತಾನಾಗಿ ತಿದ್ದೀತೆಂಬ ಭ್ರಮೆಯೂ ನಮಗಿಲ್ಲ. ಇರಾಕನ್ನು ಆಕ್ರಮಿಸಿದ ಅಮೆರಿಕ 2003ರ ಆಗಸ್ಟಿನಲ್ಲಿ ಪೆಂಟಗನ್‌ನಲ್ಲಿ ಇದೇ ಚಿತ್ರವನ್ನು ಅಧಿಕಾರಿಗಳಿಗೆ ತೋರಿಸಿತು, ಪಾಠವೆಂಬಂತೆ. ಇರಾಕಿನ ಯುದ್ಧವೇನೂ ನಿಲ್ಲಲಿಲ್ಲ. ಮುಖಗಳನ್ನು ತೋರಿಸುವುದಷ್ಟೇ ಚಿತ್ರದ ಕೈಯಲ್ಲಿರುವುದು. ನೋಡುವುದು ನೋಡುಗನ ಪಾಲಿನ ಕೆಲಸ.

ಕೊನೆಗೂ ಹಾಳೆಯಲ್ಲಿ ಈ ಮೂರು ಹೆಸರು ಬರೆದೆವು. ಕೆಳಗೆ ರಾಜೇಂದ್ರ ಸಿಂಗ್ ಬಾಬು ಅವರ 1990ರ 'ಮುತ್ತಿನ ಹಾರ'ವನ್ನೂ ಸೇರಿಸಿದೆವು. ವಿಷ್ಣುವರ್ಧನ್, ಸುಹಾಸಿನಿ ನಟಿಸಿದ ಆ ಕೊಡಗಿನ ಸೈನಿಕನ ಕತೆಯಲ್ಲಿ ಪದಕಗಳ ಬೆಲೆಯನ್ನು ಮನೆ ತೆರುತ್ತದೆ. 'ಬಾರ್ಡರ್' ಹೆಸರನ್ನೂ ಬರೆದು, ಪಕ್ಕದಲ್ಲಿ 'ಕೊನೆಯ ಹಾಡು ಮುಗಿಯುವ ತನಕ ಏಳಬೇಡ' ಎಂದು ಸೇರಿಸಿದೆವು.

ಹುಡುಗ ಮೊದಲು ನೋಡಿದ್ದು ಆಲ್ಜಿಯರ್ಸ್‌ನ ಚಿತ್ರವನ್ನು, ನಮ್ಮ ಪಕ್ಕದಲ್ಲೇ ಕೂತು. ಮೂವರು ಹೆಂಗಸರು ಕಾವಲಿನ ಸೈನಿಕರನ್ನು ದಾಟಿದಾಗ "ಶಾಬಾಶ್!" ಎಂದು ತೊಡೆ ತಟ್ಟಿದ. ಕೆಫೆಯ ದೃಶ್ಯ ಬಂದಾಗ ಕೈ ತೊಡೆಯ ಮೇಲೆಯೇ ಉಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದ: "ಐಸ್‌ಕ್ರೀಮು ತಿನ್ನುತ್ತಿತ್ತಲ್ಲ, ಆ ಮಗು ಯಾರದು ಮಾಮು?"

ನಮ್ಮಲ್ಲಿ ಉತ್ತರವಿರಲಿಲ್ಲ. ಇಪ್ಪತ್ತೆಂಟು ವರ್ಷಗಳಿಗೂ ಹಿಂದೆ, ಉರಿಯುವ ಟ್ಯಾಂಕಿನೊಳಗಿದ್ದವನು ಯಾರ ಮಗ ಎಂದು ಗಾಂಧಿ ಕ್ಲಾಸಿನ ನಾಲ್ವರಲ್ಲಿ ಒಬ್ಬರಾದರೂ ಕೇಳಿರಲಿಲ್ಲ.